ತಂತಿ ಹಿಡಿದವನು

ಇವಾನೊನ ಕ್ಷೌರದ ಅಂಗಡಿಯ ಕುರ್ಚಿ ಹನ್ನೊಂದು ವರ್ಷದಿಂದ ಬೆಟ್ಟಕ್ಕೆ ಬೆನ್ನು ಹಾಕಿಕೊಂಡು ಕೂತಿತ್ತು. ಗ್ವಾಲ್ದೊ ಊರಿನ ಆ ಬೀದಿಯಲ್ಲಿ ಕಿಟಕಿ ತೆರೆದರೆ ಸಾಕು, ಕುಕ್ಕೊ ಬೆಟ್ಟದ ಬೋಳು ನೆತ್ತಿ ಕಾಣುತ್ತದೆ. ಗಾಳಿ ಹದವಾಗಿರುವ ದಿನ ನೆತ್ತಿಯ ಮೇಲೆ ಹಾರುವ ಗ್ಲೈಡರುಗಳ ಬಣ್ಣದ ರೆಕ್ಕೆಗಳೂ ಕಾಣುತ್ತವೆ. ಗಿರಾಕಿಗಳು ಅದನ್ನು ನೋಡುತ್ತ ಕೂರಲಿ ಎಂದು ಹಿಂದೆ ಅವನೇ ಕುರ್ಚಿಯನ್ನು ಕಿಟಕಿಯ ಕಡೆಗೆ ಹಾಕಿಸಿದ್ದ. ಆಮೇಲೆ ಅವನೇ ಅದನ್ನು ಕಿತ್ತು ಎದುರು ಗೋಡೆಗೆ ತಿರುಗಿಸಿದ. ಹಾಗೆ ತಿರುಗಿಸಿದ್ದೇ ತಡ, ಹಾಳಾದ ಬೆಟ್ಟ ಕನ್ನಡಿಯೊಳಗೆ ಬಂದು ನಿಂತಿತು. ಕೊನೆಗೆ ಕಿಟಕಿಗೆ ಪರದೆ ಹಾಕಬೇಕಾಯಿತು.

ಜೂನ್ ತಿಂಗಳ ಒಂದು ಬೆಳಿಗ್ಗೆ ಅಂಗಡಿಗೆ ತುಲ್ಲಿಯೊನ ಫೋನು ಬಂತು. ತುಲ್ಲಿಯೊ ಎಂದರೆ ಇವಾನೊಗೆ ಹಾರುವುದನ್ನು ಕಲಿಸಿದವನು. ಕಷ್ಟ ಸುಖ ಏನೂ ವಿಚಾರಿಸದೆ ನೇರ ವಿಷಯಕ್ಕೆ ಬಂದ. ತನಗೆ ಎಪ್ಪತ್ತು ತುಂಬಿತು, ಈ ಶನಿವಾರ ಕೊನೆಯ ಸಲ ಹಾರಿ ರೆಕ್ಕೆಯನ್ನು ಕಟ್ಟಿಟ್ಟುಬಿಡುತ್ತೇನೆ, ನಮ್ಮ ಹಳೆಯ ಗುಂಪಿನ ದೆಲ್ಫಿನಾ ಬರುತ್ತಾಳೆ, ಒರ್ಫೇಯೊ ಬರುತ್ತಾನೆ, ನೀನೂ ಬರಬೇಕು ಎಂದ. ಇವಾನೊ ಶನಿವಾರ ಅಂಗಡಿಯಲ್ಲಿ ಜನ ಜಾಸ್ತಿ ಎಂದು ರಾಗ ಎಳೆದ. ತುಲ್ಲಿಯೊ ಅದಕ್ಕೆ ಕಿವಿಗೊಡದೆ, "ತಂತಿ ನೀನೇ ಹಿಡೀಬೇಕು ಕಣೋ" ಎಂದು ಫೋನು ಇಟ್ಟುಬಿಟ್ಟ.

ಗಿರಾಕಿಯ ಗಡ್ಡಕ್ಕೆ ಹಚ್ಚಿದ ಸೋಪು ಒಣಗುವವರೆಗೂ ಇವಾನೊ ಫೋನಿನ ಮುಂದೆಯೇ ನಿಂತಿದ್ದ.

ಆ ಮಾತಿನ ಭಾರ ಬೇರೆಯವರಿಗೆ ತಿಳಿಯುವುದಿಲ್ಲ. ಗ್ಲೈಡರಿನ ರೆಕ್ಕೆ ದೊಡ್ಡದು, ಗಾಳಿಗೆ ಬೇಗ ತಿರುಗಿಬಿಡುತ್ತದೆ. ಆದ್ದರಿಂದ ಹಾರುವವನು ಬೆಟ್ಟದ ಅಂಚಿನಲ್ಲಿ ರೆಕ್ಕೆಯನ್ನು ಹೆಗಲ ಮೇಲೆ ಹೊತ್ತು ನಿಂತಾಗ ಒಬ್ಬ ಗೆಳೆಯ ಅದರ ಮೂತಿಯ ತಂತಿಗಳನ್ನು ಎದುರಿನಿಂದ ಹಿಡಿದುಕೊಳ್ಳಬೇಕು. ಅವನು ಬಿಟ್ಟ ಮೇಲೆಯೇ ಓಟ. ಬಿಡುವ ಮುಂಚೆ ಅವನು ಒಂದು ಪ್ರಶ್ನೆ ಕೇಳಬೇಕು: ಕೊಕ್ಕೆ ಹಾಕಿದೆಯಾ? ಮೈಗೆ ತೊಟ್ಟ ಜೋಲಿಯನ್ನು ರೆಕ್ಕೆಗೆ ಸಿಕ್ಕಿಸುವ ಕೊಕ್ಕೆ ಅದು. ರೆಕ್ಕೆ ಹೆಗಲ ಮೇಲೆ ಕೂತಿರುವುದರಿಂದ, ಕೊಕ್ಕೆ ಇರಲಿ ಇಲ್ಲದಿರಲಿ, ನಿಂತವನಿಗೆ ವ್ಯತ್ಯಾಸ ತಿಳಿಯುವುದಿಲ್ಲ. ತಿಳಿಯುವುದು ಕಾಲು ನೆಲ ಬಿಟ್ಟ ಮೇಲೆ. ಬಾಯಿಮಾತು ನಂಬಬೇಡಿ, ಅವನನ್ನು ರೆಕ್ಕೆಯ ಕೆಳಗೆ ಮಲಗಿಸಿ, ಜೋಲಿ ಅವನನ್ನು ತೂಗುತ್ತದೋ ಇಲ್ಲವೋ ಕಣ್ಣಾರೆ ನೋಡಿ, ಆಮೇಲೆ ತಂತಿ ಬಿಡಿ ಎಂದು ಕಲಿಸಿದವನು ತುಲ್ಲಿಯೊನೇ. ಬೇರೆಯವರನ್ನೆಲ್ಲ ಮಲಗಿಸುತ್ತಿದ್ದವನು ಗುರುವಾದ ಮೇಲೆ ತಾನು ಮಾತ್ರ ಮಲಗುವುದನ್ನು ಬಿಟ್ಟಿದ್ದ. ಮೇಷ್ಟ್ರಿಗೆ ಯಾರು ಹೇಳುವುದು?

ಹನ್ನೊಂದು ವರ್ಷದ ಹಿಂದೆ, ಗಾಳಿ ಬಹಳ ಚೆನ್ನಾಗಿದ್ದ ಒಂದು ಮಧ್ಯಾಹ್ನ, ತುಲ್ಲಿಯೊ ಹಾಕಿದ್ದ ಕೊಕ್ಕೆಯನ್ನು ಬಿಚ್ಚಿ ಯಾರೋ ಹೊಸಬನ ಶಿರಸ್ತ್ರಾಣ ಸರಿಮಾಡಲು ಹೋದ. ತಿರುಗಿ ಬಂದು ರೆಕ್ಕೆ ಎತ್ತಿಕೊಂಡ. ತಂತಿ ಹಿಡಿದಿದ್ದವನು ಇವಾನೊ. ತಂತಿ ಬಿಟ್ಟ, ತುಲ್ಲಿಯೊ ಓಡಿದ, ರೆಕ್ಕೆ ಎದ್ದಿತು, ಮನುಷ್ಯ ಮಾತ್ರ ಕೈಗಳಿಂದ ರೆಕ್ಕೆಯ ಕೆಳಗಿನ ಸರಳಿಗೆ ಜೋತುಬಿದ್ದಿದ್ದ. ಇಳಿಜಾರಿನ ಉದ್ದಕ್ಕೂ ಹಾಗೇ ತೇಲಿಹೋಗಿ ಕಲ್ಲುಗಳ ಮೇಲೆ ಬಿದ್ದ. ಸೊಂಟದ ಮೂಳೆ ಮುರಿಯಿತು, ಜೀವ ಉಳಿಯಿತು.

ಅಂದಿನಿಂದ ಇವಾನೊಗೆ ಒಂದೇ ಒಂದು ವಿಷಯ ತಿಳಿಯಬೇಕಾಗಿತ್ತು. ಆ ದಿನ ತಾನು ಕೇಳಿದ್ದೆನೋ ಇಲ್ಲವೋ? ದಿನಕ್ಕೆ ಹತ್ತಾರು ಸಲ ಕೇಳುವ ಪ್ರಶ್ನೆ. ಒಂದು ಸಲದ ಕೇಳಿಕೆ ಇನ್ನೊಂದರ ಜೊತೆ ಬೆರೆತುಹೋಗಿ, ಎಷ್ಟು ತಲೆ ಕೆರೆದುಕೊಂಡರೂ ಆ ಒಂದು ಕ್ಷಣ ಕೈಗೆ ಸಿಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ತುಲ್ಲಿಯೊನನ್ನೇ ಕೇಳಿದ. ಅವನು ಗೋಡೆಯ ಕಡೆ ಮುಖ ಮಾಡಿ, ಅದೆಲ್ಲ ನೆನಪಿಲ್ಲ, ಬಿಡು ಎಂದ. ದೊಡ್ಡ ಮನಸ್ಸು ಮಾಡಿ ನನ್ನನ್ನು ಕಾಪಾಡುತ್ತಿದ್ದಾನೆ ಎಂದುಕೊಂಡ ಇವಾನೊ. ಮನೆಗೆ ಬಂದವನೇ ತನ್ನ ರೆಕ್ಕೆ ಮಾರಿದ, ಕುರ್ಚಿ ತಿರುಗಿಸಿದ. ಗೆಳೆಯರು ಮದುವೆಯಲ್ಲೋ ಸಾವಿನ ಮನೆಯಲ್ಲೋ ಸಿಕ್ಕರೆ ಹವಾಮಾನ ಮಾತಾಡಿ ಬೇರೆ ದಾರಿ ಹಿಡಿಯುತ್ತಿದ್ದ. ಎರಡು ವರ್ಷವಾದ ಮೇಲೆ ತುಲ್ಲಿಯೊ ಕುಂಟುತ್ತಲೇ ಮತ್ತೆ ಹಾರತೊಡಗಿದ. ಇವಾನೊ ಮಾತ್ರ ಬೆಟ್ಟದ ದಾರಿ ತುಳಿಯಲಿಲ್ಲ.

ಶನಿವಾರ ಅಂಗಡಿಗೆ ಬೀಗ ಹಾಕಿದ. ಬರುವುದಿಲ್ಲ ಎಂದು ಹೇಳಲು ಇಡೀ ವಾರ ಧೈರ್ಯ ಬಂದಿರಲಿಲ್ಲ, ಅಷ್ಟೇ.

ದೆಲ್ಫಿನಾ ತನ್ನ ಹಳೆಯ ಜೀಪಿನ ತಲೆಯ ಮೇಲೆ ಮೂರು ಉದ್ದನೆಯ ರೆಕ್ಕೆಮೂಟೆ ಕಟ್ಟಿಕೊಂಡು ಬಂದಳು. ಒಂದು ಕಾಲಕ್ಕೆ ಊರಿನ ಅಂಚೆ ಹಂಚುತ್ತಿದ್ದವಳು. ಈಗ ಕೂದಲು ಪೂರ್ತಿ ಬಿಳಿ, ಗಾಡಿ ಓಡಿಸುವ ಅಬ್ಬರ ಮಾತ್ರ ಹಾಗೇ ಇತ್ತು. ಹಿಂದಿನ ಸೀಟಿನಲ್ಲಿ ಒರ್ಫೇಯೊ ರೊಟ್ಟಿಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವನು ಇಟ್ಟಿಗೆ ಗೂಡಿನ ಒಡೆಯನಾಗಿದ್ದವನು, ಹೊಟ್ಟೆ ಅವನಿಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತಿತ್ತು. ಇವಾನೊನನ್ನು ನೋಡಿ, ಈ ಮುಖವನ್ನು ಎಲ್ಲೋ ನೋಡಿದ ಹಾಗಿದೆಯಲ್ಲ ಎಂದ. ತುಲ್ಲಿಯೊ ಮುಂದಿನ ಸೀಟಿನಿಂದ ಹಿಂದೆ ತಿರುಗದೆ ಕೈ ಮಾತ್ರ ಚಾಚಿದ. ಇವಾನೊ ಕೈ ಕುಲುಕಿದ. ಮುದುಕನ ಕೈ ತಣ್ಣಗಿತ್ತು.

ಸಿಜಿಲ್ಲೊ ಊರು ದಾಟಿದ ಮೇಲೆ ಬೆಟ್ಟದ ತಿರುವುಗಳು ಶುರುವಾದವು. ಪ್ರತಿ ತಿರುವಿಗೂ ಒಂದು ಕತೆ ಇತ್ತು, ಒರ್ಫೇಯೊ ಒಂದನ್ನೂ ಬಿಡಲಿಲ್ಲ. ಮೊದಮೊದಲು ನಾಲ್ವರಿಗೂ ಸೇರಿ ಇದ್ದದ್ದು ಒಂದೇ ರೆಕ್ಕೆ. ಹುಲ್ಲುಕಡ್ಡಿ ಎಳೆದು ಗೆದ್ದವನು ಹಾರುವುದು. ಸೋತ ಮೂವರು ಬೀಚ್ ಮರಗಳ ಕಾಡಿನೊಳಗೆ ಬಿದ್ದು ಎದ್ದು ಓಡಿ, ಅವನು ಇಳಿದಲ್ಲಿಂದ ರೆಕ್ಕೆ ಹೊತ್ತು ಮತ್ತೆ ಮೇಲೆ ತರುವುದು. ಒಂದು ಸಲ ಹಸು ಸಾಗಿಸುವ ಲಾರಿಯಲ್ಲಿ ರೆಕ್ಕೆ ಹಾಕಿಕೊಂಡು ಬಂದರೆ ಹಸು ಅದರ ತುದಿಯ ಬಟ್ಟೆ ಮೆದ್ದುಬಿಟ್ಟಿತ್ತು. ದೆಲ್ಫಿನಾಳ ಅಮ್ಮ ತನ್ನ ಮೇಜಿನ ಹೊದಿಕೆ ಕತ್ತರಿಸಿ ತೇಪೆ ಹಾಕಿಕೊಟ್ಟಳು. ಚೆರ್ರಿ ಹಣ್ಣಿನ ಚಿತ್ರವಿದ್ದ ಹೊದಿಕೆ. ಎರಡು ವರ್ಷ ಆ ಬೆಟ್ಟದ ಮೇಲೆ ಚೆರ್ರಿ ಹಣ್ಣುಗಳು ಹಾರಾಡಿದವು. ಇವಾನೊ ತನಗೆ ಗೊತ್ತಿಲ್ಲದೆಯೇ ಜೋರಾಗಿ ನಕ್ಕುಬಿಟ್ಟ. ಎಷ್ಟು ಒಳ್ಳೆಯ ಕಾಲ ಅದು, ಮತ್ತು ಅದನ್ನು ನೆನೆಯುವ ಹಕ್ಕು ಕೂಡ ತನಗಿಲ್ಲ ಎಂದು ತಾನೇ ತೀರ್ಪು ಕೊಟ್ಟುಕೊಂಡು ಎಷ್ಟು ವರ್ಷ ಕಳೆದೆ ಎನ್ನಿಸಿತು.

ಬೆಟ್ಟದ ಬೆನ್ನಿನಂಥ ಉದ್ದನೆಯ ಏಣಿನ ಮೇಲೆ ಗಾಳಿ ಇನ್ನೂ ಬಲಿತಿರಲಿಲ್ಲ. ಹಾರುವವರ ಕೆಲಸದಲ್ಲಿ ಮುಕ್ಕಾಲು ಪಾಲು ಕಾಯುವುದೇ. ಮೂರೂ ರೆಕ್ಕೆಗಳನ್ನು ಬಿಚ್ಚಿ, ಸರಳುಗಳನ್ನು ಜೋಡಿಸಿ, ಮೂತಿ ನೆಲಕ್ಕೆ ತಗ್ಗಿಸಿಟ್ಟು, ಹುಲ್ಲಿನ ಮೇಲೆ ಕಾಲು ಚಾಚಿದರು. ದೂರದಲ್ಲಿ ಬಿಳಿ ಹಸುಗಳು ಗಂಟೆ ಆಡಿಸುತ್ತ ಮೇಯುತ್ತಿದ್ದವು. ಬಿಸಿ ಕಲ್ಲಿನ ಮೇಲೆ ಸುಟ್ಟ ದಪ್ಪ ರೊಟ್ಟಿಯೊಳಗೆ ಹುರಿದ ಸೊಪ್ಪು, ಹಂದಿಮಾಂಸ ತುಂಬಿ ಒರ್ಫೇಯೊ ಹಂಚಿದ. ಪಕ್ಕದಲ್ಲಿ ಪ್ಯಾರಾಗ್ಲೈಡರಿನ ಹುಡುಗ ಹುಡುಗಿಯರು ಬೆನ್ನಚೀಲದಿಂದ ಹಾರುವ ಛತ್ರಿಯ ಬಟ್ಟೆ ತೆಗೆದು ಹರವುತ್ತಿದ್ದರು. ಛತ್ರಿ ಹಿಡಿದು ಹಾರುವವರು ಹೆಚ್ಚಾಗಿ, ಸರಳು ಹೊತ್ತು ಹಾರುವವರು ಈ ನಾಲ್ಕು ಜನ ಮುದುಕರಷ್ಟೇ ಉಳಿದಿದ್ದಾರೆ ಎಂದು ದೆಲ್ಫಿನಾ ಗೊಣಗಿದಳು. ಅದರಲ್ಲೂ ಒಬ್ಬ ಹಾರುವುದಿಲ್ಲ, ಇನ್ನೊಬ್ಬ ಇವತ್ತಿಗೆ ಮುಗಿಸುತ್ತಾನೆ, ಉಳಿದ ಲೆಕ್ಕ ನೀನೇ ಮಾಡಿಕೋ ಎಂದ ಒರ್ಫೇಯೊ.

ತುಲ್ಲಿಯೊ ಅಂದು ಮಾತು ಕಡಿಮೆ ಆಡುತ್ತಿದ್ದ. ರೊಟ್ಟಿ ಅರ್ಧ ತಿಂದು ಉಳಿದದ್ದನ್ನು ಕಾಗದದಲ್ಲಿ ಸುತ್ತಿಟ್ಟ. ಆಗಾಗ ಇವಾನೊನ ಕಡೆ ನೋಡುತ್ತಿದ್ದ, ಇವಾನೊ ತಿರುಗಿದರೆ ಕಣಿವೆಯ ಕಡೆ ನೋಡುತ್ತಿದ್ದ. ಕೊನೆಯ ದಿನವಲ್ಲವೇ, ಮನಸ್ಸು ಭಾರವಾಗಿರುತ್ತದೆ ಎಂದುಕೊಂಡ ಇವಾನೊ. ಅವನ ಗಮನ ತನ್ನ ಕೈಗಳ ಮೇಲೇ ಇತ್ತು. ಇಷ್ಟು ವರ್ಷ ಕತ್ತಿ ಹಿಡಿದು ಊರಿನವರ ಕುತ್ತಿಗೆಯ ಮೇಲೆ ಓಡಾಡಿದ ಕೈಗಳು, ತಂತಿ ಹಿಡಿಯುವುದನ್ನು ಮರೆತಿವೆಯೋ ಏನೋ.

ಸಂಜೆಯ ಹೊತ್ತಿಗೆ ಕಣಿವೆಯ ಬಿಸಿಯೆಲ್ಲ ನಿಧಾನಕ್ಕೆ ಮೇಲೇಳತೊಡಗಿತು. ಈ ಬೆಟ್ಟದವರು ಇಡೀ ದಿನ ಕಾಯುವುದು ಆ ಹೊತ್ತಿಗೇ. ಗಾಳಿ ಎದುರಿನಿಂದ, ಒಂದೇ ಸಮನೆ, ಮೃದುವಾಗಿ ಬಂತು. ಮೊದಲು ಮೇಷ್ಟ್ರು ಎಂದರು ಎಲ್ಲರೂ. ತುಲ್ಲಿಯೊ ಜೋಲಿ ತೊಟ್ಟು, ರೆಕ್ಕೆಯ ಕೆಳಗೆ ನುಸುಳಿ, ಅಂಚಿಗೆ ಬಂದು ನಿಂತ. ಇವಾನೊ ಎದುರು ನಿಂತು ತಂತಿ ಹಿಡಿದ. ರೆಕ್ಕೆ ಗಾಳಿ ಕುಡಿದು ಮೆಲ್ಲಗೆ ಜಗ್ಗಿತು. ಆ ಜಗ್ಗಾಟ ಅಂಗೈಗೆ ತಾಗಿದ್ದೇ ಅವನ ಕಣ್ಣು ತುಂಬಿತು.

"ಕೊಕ್ಕೆ ಹಾಕಿದ್ಯಾ?"

"ಹಾಕಿದೀನಿ. ಬಿಡು."

"ಮಲ್ಕೊ."

"ಗಾಳಿ ಹೋಗುತ್ತೆ ಕಣೋ. ಬಿಡು ಅಂದ್ನಲ್ಲ."

"ಮಲ್ಕೊಳ್ದೆ ಬಿಡಲ್ಲ."

ಹಿಂದೆ ನಿಂತವರು ತಿರುಗಿ ನೋಡಿದರು. ತುಲ್ಲಿಯೊ ತುಟಿ ಬಿಗಿಹಿಡಿದು ರೆಕ್ಕೆಯನ್ನು ನೆಲಕ್ಕೆ ಊರಿದ. ಮಗುವಿನ ಹಟಕ್ಕೆ ಮಣಿಯುವವನ ಹಾಗೆ ಮುಂದಕ್ಕೆ ಬಾಗಿ ಮೈಭಾರ ಬಿಟ್ಟ. ಜೋಲಿ ಅವನನ್ನು ತೂಗಲಿಲ್ಲ. ಅವನು ದೊಪ್ಪನೆ ಮುಖ ಅಡಿಯಾಗಿ ಹುಲ್ಲಿನ ಮೇಲೆ ಬಿದ್ದ.

ಆಮೇಲೆ ತುಲ್ಲಿಯೊ ಮೂಗಿಗೆ ಹತ್ತಿದ ಮಣ್ಣು ಒರೆಸಿಕೊಂಡು, ಇವನ ಕಣ್ಣು ಇನ್ನೂ ಸರಿಯಾಗಿದೆಯೋ ಇಲ್ಲವೋ ಪರೀಕ್ಷೆ ಮಾಡಿದೆ, ಪಾಸಾದ ನೋಡಿ ಎಂದು ಕೂಗಿ ಹೇಳಿದ. ಪ್ಯಾರಾಗ್ಲೈಡರಿನ ಹುಡುಗರು ಚಪ್ಪಾಳೆ ತಟ್ಟಿದರು. ಇವಾನೊ ನಗಲಿಲ್ಲ. ತಂತಿಗಳ ನಡುವೆ ಒಂದು ಮೊಳ ದೂರದಲ್ಲಿದ್ದ ಆ ಮುಖವನ್ನು ಅವನೊಬ್ಬನೇ ನೋಡಿದ್ದ. ಅದು ಸುಣ್ಣದಂತೆ ಬಿಳಿಚಿಕೊಂಡಿತ್ತು. ಪರೀಕ್ಷೆ ಗಿರೀಕ್ಷೆ ಏನೂ ಇರಲಿಲ್ಲ, ಮುದುಕ ಮರೆತಿದ್ದ.

ಸೊಂಟ ಹಿಡಿದುಕೊಂಡಿದೆ, ನೀವು ಹೋಗಿ ಎಂದು ತುಲ್ಲಿಯೊ ಪಕ್ಕಕ್ಕೆ ಸರಿದ. ಇವಾನೊ ದೆಲ್ಫಿನಾಳನ್ನು ಮಲಗಿಸಿ ನೋಡಿ ತಂತಿ ಬಿಟ್ಟ. ಒರ್ಫೇಯೊನನ್ನು ಮಲಗಿಸಿದಾಗ ಅವನ ಹೊಟ್ಟೆ ಹುಲ್ಲಿಗೆ ತಾಗುವಷ್ಟು ಜೋಲಿ ಕೆಳಗಿಳಿಯಿತು, ಆದರೆ ತೂಗಿತು. ನಾಲ್ಕು ಹೆಜ್ಜೆ ಓಡಿದ್ದಷ್ಟೇ, ಆ ಭಾರೀ ಮನುಷ್ಯ ಹಗುರಾಗಿ ಎದ್ದುಹೋದ. ಇಬ್ಬರೂ ಏಣಿನ ಉದ್ದಕ್ಕೂ ಹೋಗಿ ಬಂದು, ಇವರ ತಲೆಯ ಮೇಲೇ ಸುತ್ತಿ, ಸದ್ದಿಲ್ಲದೆ ಮೇಲೇರಿದರು. ಇವಾನೊ ಕತ್ತು ನೋಯುವವರೆಗೂ ನೋಡಿದ. ತನಗೂ ಬೇಕು ಎನ್ನಿಸಿತು. ಎಷ್ಟು ಬೇಕು ಎಂದರೆ ನಾಚಿಕೆಯಾಗುವಷ್ಟು.

ನೆಲದ ಮೇಲೆ ಉಳಿದ ಇಬ್ಬರೂ ಸೇರಿ ತುಲ್ಲಿಯೊನ ರೆಕ್ಕೆಯನ್ನು ಮಡಚಿ ಜೀಪಿಗೆ ಕಟ್ಟಿದರು. ಇಳಿಯುವ ದಾರಿಯಲ್ಲಿ ಇವಾನೊ ಗಾಡಿ ಓಡಿಸುತ್ತಿದ್ದ. ಎರಡನೆಯ ತಿರುವು ದಾಟಿದ ಮೇಲೆ ತುಲ್ಲಿಯೊ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದ.

"ಅವತ್ತೂ ಹಿಂಗೇ ಆಯ್ತು."

"ಹಿಂಗೇ ಅಂದ್ರೆ?"

"ನೀನು ಕೇಳಿದ್ದೆ. ಹಾಕಿದೀನಿ, ಬಿಡು ಅಂತ ನಾನೇ ಅಂದಿದ್ದೆ."

ಇವಾನೊ ಜೀಪನ್ನು ರಸ್ತೆಯ ನಡುವೆಯೇ ನಿಲ್ಲಿಸಿದ.

ತುಲ್ಲಿಯೊ ತಡೆದು ತಡೆದು ಉಳಿದದ್ದನ್ನೂ ಹೇಳಿದ. ಆಸ್ಪತ್ರೆಯಲ್ಲಿ ಎಲ್ಲ ನೆನಪಿತ್ತು. ಊರಿಗೆಲ್ಲ ಪಾಠ ಹೇಳುವವನು ತಾನೇ ಕೊಕ್ಕೆ ಹಾಕದೆ ಹಾಕಿದೆ ಎಂದು ಸುಳ್ಳು ಹೇಳಿ ಓಡಿದ ಎನ್ನಲು ನಾಲಿಗೆ ಏಳಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದುಕೊಂಡ. ಇವಾನೊ ಬೆಟ್ಟಕ್ಕೆ ಬರುವುದನ್ನು ನಿಲ್ಲಿಸಿದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ಇವತ್ತು ಕರೆದದ್ದು ಅದಕ್ಕೇ. ಹಾರಿ ಇಳಿದ ಮೇಲೆ ಹೇಳಬೇಕೆಂದಿದ್ದ.

"ಇಳಿ" ಎಂದ ಇವಾನೊ.

"ಏನು?"

"ಇಳಿ ಕೆಳಗೆ. ನಡ್ಕೊಂಡು ಬಾ."

ಮುದುಕ ಎದುರು ಮಾತಾಡದೆ ಇಳಿದ. ಇವಾನೊ ಜೀಪು ಓಡಿಸಿದ. ಹನ್ನೊಂದು ವರ್ಷ! ಪರದೆ ಹಾಕಿದ ಕಿಟಕಿ, ಮೂರು ಕಾಸಿಗೆ ಮಾರಿದ ರೆಕ್ಕೆ, ನಿದ್ದೆಯಲ್ಲಿ ಬೆಚ್ಚಿ ಕೇಳುತ್ತಿದ್ದ ಕೊಕ್ಕೆ ಕೊಕ್ಕೆ ಎಂಬ ಸ್ವಂತ ಧ್ವನಿ. ಅವನು ಒಬ್ಬನೇ ಗಾಡಿಯೊಳಗೆ ಬಾಯಿಗೆ ಬಂದಂತೆ ಬೈದ. ಗುರು ಅಂತೆ, ಗುರು! ಒಂದು ತಿರುವು ಹೋಯಿತು. ಮುಂದಿನ ತಿರುವಿನಲ್ಲಿ ಕನ್ನಡಿಯೊಳಗೆ ನೋಡಿದರೆ ಖಾಲಿ ರಸ್ತೆ. ಆ ಸೊಂಟ ಇಟ್ಟುಕೊಂಡು ಅವನು ಕೆಳಗಿನವರೆಗೆ ನಡೆದರೆ ನಾಳೆ ಏಳುವುದಿಲ್ಲ ಎಂಬ ಯೋಚನೆ ಬಂತು. ಬೇಡವೆಂದರೂ ಬಂತು. ಇನ್ನಷ್ಟು ಬೈದು, ಗಾಡಿ ಪಕ್ಕಕ್ಕೆ ಹಾಕಿ ಕಾದ. ಕುಂಟುಹೆಜ್ಜೆ ತಿರುವು ದಾಟಿ ಬಂದಾಗ ಬಾಗಿಲು ತೆರೆದುಕೊಟ್ಟ.

ಇಳಿಯುವ ಹುಲ್ಲುಗಾವಲಿನಲ್ಲಿ ದೆಲ್ಫಿನಾ, ಒರ್ಫೇಯೊ ಆಗಲೇ ಬಂದು, ಬೇಲಿಯ ಪಕ್ಕದ ಮರದ ಮೇಜಿನ ಮೇಲೆ ವೈನು, ಚೀಸು ಹರಡಿಕೊಂಡು ಕೂತಿದ್ದರು. ಇಬ್ಬರ ಮುಖವೂ ಹೊಳೆಯುತ್ತಿತ್ತು. ಎಂಥ ಗಾಳಿ, ಬೆಣ್ಣೆಯಂಥ ಗಾಳಿ ಎಂದು ಒರ್ಫೇಯೊ ಶುರುಮಾಡಿದ. ತುಲ್ಲಿಯೊ ಕೂರಲಿಲ್ಲ. ಮೇಜಿನ ಅಂಚು ಹಿಡಿದು ನಿಂತು, ತರಗತಿಯಲ್ಲಿ ಪಾಠ ಒಪ್ಪಿಸುವವನ ಹಾಗೆ ಗಟ್ಟಿಯಾಗಿ ಹೇಳಿದ.

"ಅವತ್ತು ನಾನು ಬಿದ್ದಾಗ ಇವನ ತಪ್ಪು ಏನೂ ಇರ್ಲಿಲ್ಲ. ಇವನು ಕೇಳಿದ್ದ. ಹಾಕಿದೀನಿ ಅಂತ ನಾನೇ ಸುಳ್ಳು ಹೇಳ್ದೆ."

ಇವಾನೊ ಗೆಳೆಯರ ಮುಖ ನೋಡಿದ. ಈ ಮಾತು ಅವರ ಕಿವಿಗೆ ಬೀಳಬೇಕು ಎಂದು ಎಷ್ಟು ವರ್ಷ ಹಂಬಲಿಸಿದ್ದ. ಅವರು ಬೆಚ್ಚಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒರ್ಫೇಯೊ ಚೀಸು ಕೊಯ್ಯುತ್ತಿದ್ದ ಚಾಕು ಕೆಳಗಿಟ್ಟ.

"ಅದು ನಮಗೆ ಗೊತ್ತಲ್ಲ" ಎಂದ.

"ಏನು ಗೊತ್ತು?" ಎಂದ ಇವಾನೊ.

ದೆಲ್ಫಿನಾ ಹೇಳಿದಳು. ತಾವಿಬ್ಬರೂ ಆ ದಿನ ಹಿಂದೆಯೇ ನಿಂತಿದ್ದರು. ಗಾಳಿ ಎದುರಿನಿಂದ ಬೀಸುತ್ತಿತ್ತಲ್ಲ, ಅಂಚಿನಲ್ಲಿ ಆಡಿದ ಮಾತೆಲ್ಲ ಹಿಂದಿನವರ ಕಿವಿಗೆ ತಾನಾಗಿ ಬಂದು ಬೀಳುತ್ತದೆ. ಕೇಳಿದ್ದೂ ಕೇಳಿಸಿತ್ತು, ಹಾಕಿದ್ದೇನೆ ಎಂದದ್ದೂ ಕೇಳಿಸಿತ್ತು. ಕೇಳಿದ್ದು ಇವಾನೊಗೇ ಗೊತ್ತಿದೆಯಲ್ಲ, ಅದರಲ್ಲಿ ಹೇಳುವುದೇನಿದೆ ಎಂದುಕೊಂಡಿದ್ದರು. ತುಲ್ಲಿಯೊ ನಿಂತಲ್ಲೇ ಕುಸಿದು ಬೆಂಚಿನ ಮೇಲೆ ಕೂತ. ಯಾರಿಗೂ ಗೊತ್ತಿಲ್ಲ ಎಂದು ಅವನು ಮುಚ್ಚಿಟ್ಟುಕೊಂಡದ್ದು ಮೊದಲ ದಿನದಿಂದಲೂ ಬಟ್ಟಬಯಲಾಗಿತ್ತು.

"ಮತ್ತೆ ನಾನು ಬೆಟ್ಟಕ್ಕೆ ಬರೋದು ಬಿಟ್ಟಾಗ?" ಎಂದ ಇವಾನೊ.

"ಇವನ ಮೇಲೆ ನಿನಗೆ ಸಿಟ್ಟು ಅಂದ್ಕೊಂಡ್ವಿ. ಸುಳ್ಳು ಹೇಳಿ ನಿನ್ನ ಕೈಯಲ್ಲಿ ತಂತಿ ಬಿಡಿಸ್ದ, ಸಿಟ್ಟು ನ್ಯಾಯವಾದದ್ದೇ. ತಾನಾಗೇ ಇಳೀಲಿ ಅಂತ ಸುಮ್ನಿದ್ವಿ" ಎಂದಳು ದೆಲ್ಫಿನಾ.

"ನನ್ನದೇ ತಪ್ಪು ಅಂತ ಸಾಯ್ತಾ ಇದ್ದೆ ನಾನು. ಒಂದು ಮಾತು ಹೇಳಬಾರದಿತ್ತಾ ದೆಲ್ಫಿನಾ?"

ದೆಲ್ಫಿನಾಳ ಕಣ್ಣಲ್ಲಿ ನೀರು ಬಂತು, ಸಿಟ್ಟೂ ಬಂತು. ಅಂಚೆ ಚೀಲ ಹೊತ್ತು ಅವನ ಅಂಗಡಿಯ ಮುಂದೆ ವಾರಕ್ಕೆ ಎಷ್ಟು ಸಲ ನಿಂತಿದ್ದಳು, ಎಷ್ಟು ಸಲ ಅವನು ಹವಾಮಾನ ಮಾತಾಡಿ ಒಳಗೆ ಹೋಗಿದ್ದ.

"ನೀನು ಕೇಳಬಾರದಿತ್ತಾ?" ಎಂದಳು.

ಇವಾನೊಗೆ ಅಳು ಬಂತು, ಮೂವರ ಎದುರೇ ಅತ್ತ. ತುಲ್ಲಿಯೊ ಅವನ ತೋಳಿನ ಮೇಲೆ ಕೈ ಇಟ್ಟ, ಅವನು ಅದನ್ನು ಕೊಡವಲಿಲ್ಲ. ಮೇಲೆ ಬೆಟ್ಟದ ಏಣಿನಲ್ಲಿ ಯಾರದೋ ಪ್ಯಾರಾಗ್ಲೈಡರು ಇನ್ನೂ ಬೆಳಕಿನಲ್ಲಿತ್ತು, ಕೆಳಗೆ ಹುಲ್ಲಿಗೆ ಆಗಲೇ ನೆರಳು ಬಂದಿತ್ತು. ದೆಲ್ಫಿನಾ ಹೇಳಿದ್ದು ನಿಜ. ಹೊಸಬರು ಹಳಬರು ಎನ್ನದೆ ಪ್ರತಿಯೊಬ್ಬರನ್ನೂ ಕೇಳಿಯೇ ತಂತಿ ಬಿಡುತ್ತಿದ್ದವನು ಈ ಒಂದು ಪ್ರಶ್ನೆಯನ್ನು ಹಿಂದೆ ನಿಂತಿದ್ದ ಈ ಇಬ್ಬರಲ್ಲಿ ಯಾರನ್ನೂ ಕೇಳಿರಲಿಲ್ಲ. ಆಸ್ಪತ್ರೆಯಲ್ಲಿ ತುಲ್ಲಿಯೊ ಒಬ್ಬನನ್ನು ಒಂದೇ ಸಲ ಕೇಳಿ, ಅವನ ಬಾಯಿಮಾತು ನಂಬಿ ಮನೆಗೆ ಹೋಗಿದ್ದ.